ಪಿಯುಸಿ ಆರ್ಟ್ಸ್ ಮುಗಿಸಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರಿದರೆ ಮುಂದೆ ನರ್ಸ್ ಆಗಬಹುದಾ?

ಬರೀ ಅನುಭವದ ಮೇಲೆ ಆಗುವುದಿಲ್ಲ. ಹತ್ತು ವರ್ಷ ವಾರ್ಡಿನಲ್ಲಿ ದುಡಿದರೂ ಅಸಿಸ್ಟೆಂಟ್ ಅಸಿಸ್ಟೆಂಟೇ. ನರ್ಸ್ ಆಗಬೇಕಾದರೆ ಅದರದ್ದೇ ಕೋರ್ಸ್ ಓದಿ, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು.

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಮ್ಮೂರ ಹತ್ತಿರ ಒಬ್ಬರು 'ಆರು ತಿಂಗಳ ನರ್ಸಿಂಗ್ ಕೋರ್ಸ್' ಎಂದು ಬೋರ್ಡ್ ಹಾಕಿದ್ದರು, ಅಮ್ಮ ಸಂಘದಲ್ಲಿ ಸಾಲ ತೆಗೆದು ಫೀಸು ಕಟ್ಟಿದರು. ಆ ಸರ್ಟಿಫಿಕೇಟ್ ಹಿಡಿದು ಬೆಂಗಳೂರಿನ ಆಸ್ಪತ್ರೆಗೆ ಹೋದರೆ ಅಲ್ಲಿಯ ಸೂಪರಿಂಟೆಂಡೆಂಟ್ ಮೇಡಂ, "ಇದ್ರಲ್ಲಿ ನೀನು ನರ್ಸ್ ಅಲ್ಲಮ್ಮ, ಬೇಕಾದ್ರೆ ಜಿಡಿಎ ಆಗಿ ಸೇರು" ಅಂದರು. ಜಿಡಿಎ ಅಂದರೆ ಜನರಲ್ ಡ್ಯೂಟಿ ಅಸಿಸ್ಟೆಂಟ್, ಈ ನರ್ಸಿಂಗ್ ಅಸಿಸ್ಟೆಂಟ್ ಕೆಲಸವೇ. ಬೇರೆ ದಾರಿ ಇರಲಿಲ್ಲ, ಸೇರಿದೆ.

ಕೆಲಸ ಏನು ಅಂದರೆ ಹಾಸಿಗೆ ಹಾಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಕೊಡುವುದು, ಡೈಪರ್ ಬದಲಿಸುವುದು, ಯೂರಿನ್ ಬ್ಯಾಗ್ ಖಾಲಿ ಮಾಡುವಾಗ ಎಷ್ಟು ಎಂಎಲ್ ಇತ್ತು ಎಂದು ಸಿಸ್ಟರ್‌ಗೆ ಹೇಳುವುದು. ಇಂಜೆಕ್ಷನ್ ನಮ್ಮ ಕೆಲಸವಲ್ಲ, ಯಾರಾದರೂ ಒತ್ತಾಯ ಮಾಡಿದರೂ ಕೊಡಬೇಡಿ. ಎದ್ದೇಳಲಾಗದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ನೈಟ್ ಡ್ಯೂಟಿಯಲ್ಲಿ ಇದನ್ನು ತಪ್ಪಿಸುವವರು ಜಾಸ್ತಿ. ನಾನೂ ಒಮ್ಮೆ ತಪ್ಪಿಸಿದ್ದೆ. ಬೆಳಿಗ್ಗೆ ಆ ಅಜ್ಜನ ಬೆನ್ನು ನೋಡಿದ ಮೇಲೆ ಮತ್ತೆ ತಪ್ಪಿಸಲಿಲ್ಲ. ಅಸಹ್ಯ ಅನ್ನುವುದು ನಾಲ್ಕು ದಿನಕ್ಕೆ ಹೋಯಿತು, ಸೊಂಟ ನೋವು ಮಾತ್ರ ಹೋಗಲಿಲ್ಲ. ಆದ್ದರಿಂದ ಒಬ್ಬರೇ ಎತ್ತಲು ಹೋಗಬೇಡಿ, ರೋಗಿಯ ಕೆಳಗೆ ಬೆಡ್‌ಶೀಟ್ ಹಾಕಿ ಇಬ್ಬರು ಸೇರಿ ಸರಿಸಿ.

ಹಾಗಾದರೆ ಸೇರಬೇಕಾ? ನನ್ನ ಪ್ರಕಾರ ಸೇರಿ, ಆದರೆ ಒಂದೆರಡು ವರ್ಷಕ್ಕೆ. ನರ್ಸಿಂಗ್ ಕೋರ್ಸಿಗೆ ಮೂರು ವರ್ಷದ ಫೀಸು ಕಟ್ಟಿದ ಮೇಲೆ ರಕ್ತ ಕಂಡು ಓಡಿಹೋದವರನ್ನು ನಾನೇ ನೋಡಿದ್ದೇನೆ, ನಿಮಗೆ ಇದು ಒಗ್ಗುತ್ತದಾ ಇಲ್ಲವಾ ಎನ್ನುವುದು ಸಂಬಳ ತಗೊಂಡೇ ಗೊತ್ತಾಗುತ್ತದೆ ಅಲ್ವಾ. ನಾನು ಎರಡು ವರ್ಷ ದುಡಿದು, ಕೂಡಿಟ್ಟ ದುಡ್ಡಲ್ಲಿ ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ ಸೇರಿದೆ. ಮೊದಲ ವರ್ಷ ಬೆಡ್ ಮೇಕಿಂಗ್, ಸ್ಪಂಜ್ ಬಾತ್ ಕಲಿಸುವಾಗ ಬೇರೆಯವರು ನೋಟ್ಸ್ ಬರೆದುಕೊಳ್ಳುತ್ತಿದ್ದರು, ನನಗೆ ಕೈಗೇ ಗೊತ್ತಿತ್ತು.

ಆರ್ಟ್ಸ್ ಆಗಿದೆ ಎಂದು ಹೆದರಬೇಡಿ. ಸೈನ್ಸ್ ಬೇಕಾಗುವುದು ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್‌ಗೆ. ಎರಡು ವರ್ಷದ ಎಎನ್‌ಎಂ (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್ ಕೋರ್ಸ್), ಮೂರು ವರ್ಷದ ಜಿಎನ್‌ಎಂಗೆ ಆರ್ಟ್ಸ್ ಆದವರೂ ಹೋಗಬಹುದು. ಜಿಎನ್‌ಎಂ ಆದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿಯೂ ಇದೆ.

ಜಿಡಿಎ ತರಬೇತಿಗೆ ದುಡ್ಡು ಸುರಿಯಬೇಡಿ. ಹಳ್ಳಿಯ ಬಡ ಕುಟುಂಬದ 15ರಿಂದ 35 ವರ್ಷದವರಿಗೆ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ತರಬೇತಿ ಉಚಿತ. ತಾಲ್ಲೂಕು ಪಂಚಾಯಿತಿಯಲ್ಲಿ ಈ ಯೋಜನೆ ನಡೆಸುವ ಸರ್ಕಾರದ ಸಂಜೀವಿನಿ ಸಂಸ್ಥೆಯವರನ್ನು ಕೇಳಿ.

ಇನ್ನೊಂದು ಮಾತು, ಶುರುವಿನಲ್ಲೇ ಮನೆಗೆ ಹೋಗಿ ರೋಗಿ ನೋಡಿಕೊಳ್ಳುವ ಏಜೆನ್ಸಿ ಕೆಲಸ ಬೇಡ. ಅಲ್ಲಿ ಕಲಿಸಲು ಒಬ್ಬ ಸಿಸ್ಟರ್ ಇರುವುದಿಲ್ಲ, ಸುಮ್ನೆ ಪಾತ್ರೆಯನ್ನೂ ತೊಳೆಸುತ್ತಾರೆ. ದೊಡ್ಡ ಆಸ್ಪತ್ರೆಯ ವಾರ್ಡೇ ಸರಿ.

ಜಿಎನ್‌ಎಂಗೆ ಒಟ್ಟು ಅಂಕದ ಜೊತೆ ಇಂಗ್ಲಿಷ್‌ನಲ್ಲೂ ಶೇ. 40 ಕೇಳುತ್ತಾರೆ. ನಿಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಇಂಗ್ಲಿಷ್ ಎಷ್ಟಿದೆ?