ಮಕ್ಕಳಿಲ್ಲದ ಶಾಲೆಯಲ್ಲಿ ಟೀಚರ್

ಹೆಸರು ಹಾಕಬಾರದೆಂದು ಕೇಳಿಕೊಂಡು ಉಡುಪಿ ತಾಲೂಕಿನ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಹೀಗೆ ಬರೆದಿದ್ದಾರೆ:

"ಜುಲೈಯಲ್ಲಿ ಮಳೆಯ ರಜೆ ಮೇಲಿಂದ ಮೇಲೆ ಬಂತು. ಮಕ್ಕಳಿಗೆ ರಜೆ, ನಮಗೆ ಹಾಜರಿ. ಎರಡು ಬಸ್ ಬದಲಿಸಿ, ಒದ್ದೆ ಸೀರೆಯಲ್ಲಿ ಬಂದು ಸಹಿ ಹಾಕಿ ಕುಳಿತರೆ ಸಂಜೆಯವರೆಗೆ ಮಾಡಲು ಏನೂ ಇಲ್ಲ. ದಾಖಲೆಗಳ ಕೆಲಸ ಮೊದಲ ದಿನವೇ ಮುಗಿಯಿತು. ಮರುದಿನ ಮೊಬೈಲ್ ನೋಡುತ್ತಾ ಕಳೆದೆ. ಮೂರನೆಯ ದಿನ ಹೊತ್ತು ಹೋಗದೆ ಐದನೆಯ ತರಗತಿಯ ಪ್ರಬಂಧ ಪುಸ್ತಕಗಳನ್ನು ತಿರುವಿ ಹಾಕಿದೆ. ಹುಡುಗನೊಬ್ಬ 'ನಮ್ಮ ಹಟ್ಟಿಯಲ್ಲಿ ಒಂದು ಕರು ಉಂಟು. ಅದರ ಕಾಲಿಗೆ ಗಾಯ ಉಂಟು' ಎಂದು ಬರೆದಿದ್ದ. ಎರಡು 'ಉಂಟು'ಗಳನ್ನೂ ಜೂನ್‌ನಲ್ಲಿ ನಾನೇ ಕೆಂಪು ಶಾಯಿಯಲ್ಲಿ ಹೊಡೆದು 'ಇದೆ' ಎಂದು ತಿದ್ದಿದ್ದೆ. ಸಂಬಳ ತೆಗೆದುಕೊಂಡು ಹೀಗೆ ಸುಮ್ಮನೆ ಕೂರುವುದು ಸರಿಯೇ?"

ಟೀಚರೇ, ಮೊದಲು ಸಂಬಳದ ಮಾತು ಮುಗಿಸೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರ ಕೆಲಸವನ್ನು ವಾರಕ್ಕೆ ಕನಿಷ್ಠ 45 ಗಂಟೆ ಎಂದು ಗೊತ್ತುಮಾಡಿದೆ. ಪಾಠದ ಸಿದ್ಧತೆಯ ಹೊತ್ತೂ ಅದರೊಳಗೇ ಸೇರುತ್ತದೆಂದು ಅದೇ ಸಾಲಿನಲ್ಲಿ ಹೇಳಿದೆ. ಐದನೆಯವರೆಗೆ ವರ್ಷಕ್ಕೆ 200, ಆರರಿಂದ ಎಂಟಕ್ಕೆ 220 ದಿನಗಳ ಲೆಕ್ಕ ತುಂಬಿಸಲು ಮುಂದೆ ಶನಿವಾರ ಮಧ್ಯಾಹ್ನ ನಿಂತು ಪಾಠ ಮಾಡುವವರೂ ನೀವೇ. ಅಳುಕು ಬೇಡ. ಅಳುಕಬೇಕಾದವರು ಬೇರೆ ಇದ್ದಾರೆ. ಮಕ್ಕಳು ದಾಟಬಾರದ ಕಾಲುಸಂಕವನ್ನು ಟೀಚರ್ ದಾಟಿ ಬರಬೇಕು ಎನ್ನುವಾಗ ಅದೇ ತೋಡು ಅವರ ಕಾಲಡಿಯಲ್ಲೂ ಹರಿಯುತ್ತದೆ ಎಂಬುದು ಯಾರ ಮನಸ್ಸಿಗೂ ಬಾರದಿರುವುದು ನನಗೆ ಸಿಟ್ಟು ತರಿಸುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕರು. ಹೊತ್ತು ಹೋಗದೆ ತಿರುವಿ ಹಾಕಿದೆ ಎನ್ನುತ್ತೀರಿ. ಆ ಮೂರು ದಿನಗಳಲ್ಲಿ ನೀವು ಮಾಡಿದ ದೊಡ್ಡ ಕೆಲಸವೇ ಅದು ಎಂದು ನನಗನ್ನಿಸುತ್ತದೆ. ಮೂವತ್ತು ಪುಸ್ತಕಗಳ ರಾಶಿ ಮುಂದಿದ್ದು, ಗಂಟೆ ಹೊಡೆಯಲು ಹತ್ತು ನಿಮಿಷ ಉಳಿದಿರುವಾಗ ಯಾವ ಟೀಚರ ಕಣ್ಣಾದರೂ ತಪ್ಪನ್ನಷ್ಟೇ ಹುಡುಕುತ್ತದೆ. ನನ್ನ ತಾಯಿಯೂ ಟೀಚರ್ ಆಗಿದ್ದರು. ಮಳೆಗಾಲದಲ್ಲಿ ಮನೆಗೆ ತಂದ ಪುಸ್ತಕಗಳು ಥಂಡಿಗೆ ಉಬ್ಬಿ, ಪುಟಕ್ಕೆ ಪುಟ ಅಂಟಿಕೊಂಡಿರುತ್ತಿದ್ದವು. ಬಚ್ಚಲೊಲೆಯ ಪಕ್ಕದಲ್ಲಿ ಅವನ್ನು ಹರಡಿ, ಒಣಗುವವರೆಗೆ ಕಾದು ಕೂರುತ್ತಿದ್ದರು. ಆ ಕಾಯುವ ಹೊತ್ತಿನಲ್ಲಿ ಮಾತ್ರ ಅವರು ಪುಸ್ತಕಗಳನ್ನು ಓದುತ್ತಿದ್ದರು. ಪೆನ್ನು ಕೈಯಲ್ಲಿ ಇರುತ್ತಿರಲಿಲ್ಲ. "ಈ ಹುಡುಗಿ ಅಜ್ಜಿಯ ಮನೆಯಲ್ಲಿ ಇರುವುದಂತೆ, ನನಗೆ ಗೊತ್ತೇ ಇರಲಿಲ್ಲ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡದ್ದು ನನಗೆ ನೆನಪಿದೆ.

ನೀವೂ ಹಾಗೆ ಓದಿ. ರಜೆಯ ದಿನಕ್ಕೆ ಮೂರೋ ನಾಲ್ಕೋ ಪುಸ್ತಕ ಸಾಕು, ಮೊದಲ ಪುಟದಿಂದ ಕೊನೆಯವರೆಗೆ. ಮಲ್ಪೆಯಿಂದ ಬೋಟಿಗೆ ಹೋಗುವವರ ಮಕ್ಕಳು ನಿಮ್ಮಲ್ಲಿ ಇದ್ದಾರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಮನೆ ಹೇಗೆ ನಡೆಯುತ್ತದೆ ಎಂಬುದು 'ನನ್ನ ಅಪ್ಪ' ಎಂಬ ಪ್ರಬಂಧದ ಯಾವುದೋ ಸಾಲಿನಲ್ಲಿ ಇದ್ದೀತು.

ಇನ್ನು ಆ 'ಉಂಟು'. ಮನೆಯಲ್ಲಿ ತುಳುವಿನ 'ಉಂಡು' ಕೇಳಿ ಬೆಳೆದ ಮಗುವಿಗೆ 'ಇದೆ'ಗಿಂತ ಮೊದಲು ಬಾಯಿಗೆ ಬರುವುದು 'ಉಂಟು'. ಅದು ತಪ್ಪಲ್ಲ, ಟೀಚರೇ. 'ಉಂಟು' ಹಳೆಯ, ಗಟ್ಟಿಯಾದ ಕನ್ನಡ. 'ಎಲ್ಲಾದರೂ ಉಂಟೇ' ಎಂದು ಘಟ್ಟದ ಮೇಲಿನವರೂ ಕೇಳುತ್ತಾರೆ. ಪರೀಕ್ಷೆಗೆ 'ಇದೆ' ಬೇಕು, ಕಲಿಸಿ. ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆದರೆ ಸಾಕು. ಹುಡುಗನ ಮಾತನ್ನು ಕೆಂಪು ಗೆರೆಯಲ್ಲಿ ಹೊಡೆದು ಹಾಕುವುದು ಬೇಡ.

ಕೈಗೂ ಒಂದು ಕೆಲಸ ಬೇಕಾದರೆ ಮಳೆ ಅಳೆಯಿರಿ. ಬದಿ ನೇರವಾಗಿರುವ ಡಬ್ಬಿಯೊಂದನ್ನು ಮರದ ಹನಿ, ಮಾಡಿನ ನೀರು ತಾಗದಂತೆ ಅಂಗಳದ ನಡುವೆ ಇಟ್ಟು, ದಿನವೂ ಒಂದೇ ಹೊತ್ತಿಗೆ ಸ್ಕೇಲ್ ಇಳಿಸಿ ನೋಡಿದರೆ ಆಯಿತು. 24 ಗಂಟೆಯಲ್ಲಿ 204.4 ಮಿ.ಮೀ. ದಾಟಿದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಅತ್ಯಂತ ಭಾರೀ ಮಳೆ. ಮಕ್ಕಳ 30 ಸೆಂ.ಮೀ. ಸ್ಕೇಲಿನ ಮೂರರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಮಾಡಿನ ಅಡಿಯ ಜಾಗ 200 ಚದರ ಮೀಟರ್ ಇದ್ದರೆ, 100 ಮಿ.ಮೀ. ಸುರಿದ ದಿನ ಮಾಡಿನಿಂದ ಇಳಿದದ್ದು 20,000 ಲೀಟರ್. ಮಕ್ಕಳು ಮರಳಿ ಬಂದ ಬೆಳಿಗ್ಗೆ ಅವರ ರಜೆಯ ಲೆಕ್ಕ ಕಪ್ಪು ಹಲಗೆಯ ಮೇಲೆ ಇರಲಿ. ಗುಣಾಕಾರಕ್ಕೆ ಅದಕ್ಕಿಂತ ಹತ್ತಿರದ ಉದಾಹರಣೆ ಪಠ್ಯಪುಸ್ತಕದಲ್ಲಿ ಸಿಗಲಾರದು.

ಆದರೆ ಅಂದು ಹಾಜರಿ ಕರೆಯುವ ಮೊದಲು ಆ ಹುಡುಗನನ್ನು ಹತ್ತಿರ ಕರೆದು ಕೇಳಿ, ಕರುವಿನ ಕಾಲು ಈಗ ಹೇಗುಂಟು ಎಂದು. ಅವನು ಏನು ಹೇಳಿದನೆಂದು ನನಗೂ ಒಂದು ಸಾಲು ಬರೆಯಿರಿ.