ಬೀಪ್ ಅಂದ ತಕ್ಷಣ ಡಿಸ್ಕ್ ಕೀಳಬೇಡಿ

ಹಲವು ಡಿಸ್ಕುಗಳನ್ನು ಸೇರಿಸಿ ಒಂದೇ ಡಿಸ್ಕಿನಂತೆ ಬಳಸುವ ‘ರೇಡ್’ ಬಗ್ಗೆ ಈ ಸಲವೂ ಅವೇ ಪ್ರಶ್ನೆಗಳು. ಒಂದಕ್ಕೆ ಮಾತ್ರ ವಿವರವಾಗಿ ಬರೆಯುತ್ತೇನೆ. ಉಳಿದವಕ್ಕೆ ಅಷ್ಟು ಬೇಕಾಗಿಲ್ಲ.

ಪ್ರಶ್ನೆ: ನಮ್ಮದು ಮದುವೆ ಫೋಟೊ ಸ್ಟುಡಿಯೊ. 4 ಟಿಬಿಯ ನಾಲ್ಕು ಡಿಸ್ಕ್ ಹಾಕಿ ರೇಡ್ 5 ಮಾಡಿಸಿದ್ದೇವೆ. ಎರಡು ದಿನದಿಂದ ಡಿಸ್ಕುಗಳಿರುವ ಬಾಕ್ಸ್ ಬೀಪ್ ಹೊಡೆಯುತ್ತಿದೆ, ಒಂದು ಲೈಟು ಕೆಂಪಾಗಿದೆ. ಫೈಲುಗಳು ಮಾತ್ರ ತೆರೆಯುತ್ತಿವೆ. ರಿಪೇರಿಯವರು ‘ರೇಡ್ ಅಳಿಸಿ ಹೊಸದಾಗಿ ಮಾಡಿದರೆ ಸರಿಹೋಗುತ್ತೆ, ಡೇಟಾ ಹಾಗೇ ಇರುತ್ತೆ’ ಅಂತಾರೆ. ಮಾಡಿಸಲಾ?

ಉತ್ತರ: ಬೇಡ. ಅವರನ್ನು ಬಾಕ್ಸಿನ ಹತ್ತಿರ ಬಿಡಲೇಬೇಡಿ. ಹೊಸದಾಗಿ ರೇಡ್ ಮಾಡುವಾಗ ಡಿಸ್ಕುಗಳ ಮೇಲೆ ಹೊಸದು ಬರೆದುಬಿಟ್ಟರೆ ರಿಕವರಿ ಲ್ಯಾಬಿನವರೂ ಕೈಚೆಲ್ಲುತ್ತಾರೆ.

ರೇಡ್ 5ರಲ್ಲಿ ಡೇಟಾ ಜೊತೆಗೆ, ಕಳೆದದ್ದನ್ನು ಮತ್ತೆ ಕಟ್ಟಲು ಬೇಕಾದ ಲೆಕ್ಕವೂ (ಪ್ಯಾರಿಟಿ) ಡಿಸ್ಕುಗಳಲ್ಲಿ ಹಂಚಿರುತ್ತದೆ. ಹಾಗಾಗಿ ಒಂದು ಡಿಸ್ಕ್ ಹೋದರೂ ಉಳಿದ ಮೂರರಿಂದ ಅದರ ಡೇಟಾ ಸಿಗುತ್ತದೆ. ಫೈಲು ತೆರೆಯುತ್ತಿರುವುದು ಅದಕ್ಕೇ. ಆದರೆ ಇನ್ನೊಂದು ಹೋದರೆ ಕತೆ ಮುಗಿಯಿತು. ನಾಲ್ಕನ್ನೂ ಒಂದೇ ಬಿಲ್ಲಿನಲ್ಲಿ ತಂದಿರುತ್ತೀರಿ, ಅಲ್ವಾ? ಉಳಿದ ಮೂರೂ ಅಷ್ಟೇ ಓಡಿವೆ, ಅಷ್ಟೇ ಬಿಸಿ ತಿಂದಿವೆ. ಇದರ ಮಧ್ಯೆ ಎರಡು ದಿನ ಬೀಪ್ ಕೇಳಿಕೊಂಡು ಕೂತಿದ್ದೀರಲ್ಲ, ಏನು ಹೇಳಲಿ!

ಮೊದಲು ಕಾಪಿ, ಆಮೇಲೆ ರಿಪೇರಿ. ಹೊರಗಿನ ಡಿಸ್ಕ್ ತಂದು, ಇನ್ನೂ ಆಲ್ಬಮ್ ಕೊಡದ ಮದುವೆಗಳನ್ನು ಮೊದಲು ತೆಗೆದಿಡಿ. ಹೊಸ ಶೂಟ್ ಯಾವುದನ್ನೂ ಬಾಕ್ಸಿಗೆ ತುಂಬಬೇಡಿ.

ಕಾಪಿ ಮುಗಿದ ಮೇಲೆ, ಕೆಟ್ಟ ಡಿಸ್ಕಿನ ಸೀರಿಯಲ್ ನಂಬರನ್ನು ಬಾಕ್ಸಿನ ಸೆಟ್ಟಿಂಗ್ಸ್ ಪುಟದಲ್ಲಿ ನೋಡಿ ಬರೆದುಕೊಳ್ಳಿ. ಕೆಲವು ಬಾಕ್ಸುಗಳು 0ಯಿಂದ ಎಣಿಸುತ್ತವೆ. ಅಲ್ಲಿ ‘ಡಿಸ್ಕ್ 2’ ಅಂದರೆ ಮೂರನೇ ಸ್ಲಾಟು. ಅಂದಾಜಿನಲ್ಲಿ ಎಳೆದರೆ ಚೆನ್ನಾಗಿರುವ ಡಿಸ್ಕೇ ಕೈಗೆ ಬಂದೀತು. ಬಾಕ್ಸ್ ಆಫ್ ಮಾಡಿ, ಟ್ರೇ ಹೊರಗೆಳೆದು, ಡಿಸ್ಕಿನ ಮೈಮೇಲಿನ ಸ್ಟಿಕ್ಕರಿಗೆ ನಂಬರ್ ತಾಳೆ ಹಾಕಿಯೇ ಬದಲಿಸಿ.

ಅಂಗಡಿಯಲ್ಲಿ ಸಿಎಂಆರ್ ಡಿಸ್ಕೇ ಬೇಕು ಅನ್ನಿ. ಅದರಲ್ಲಿ ಡೇಟಾ ಬರೆಯುವ ಸಾಲುಗಳು, ಅಂದರೆ ಟ್ರ್ಯಾಕುಗಳು, ಒಂದರ ಮೇಲೊಂದು ಬರುವುದಿಲ್ಲ. ಎಸ್‌ಎಂಆರ್ ಡಿಸ್ಕು ಟ್ರ್ಯಾಕುಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಬರೆಯುತ್ತದೆ, ರೀಬಿಲ್ಡ್ ಆಗುವಾಗ (ಹೋದ ಡಿಸ್ಕಿನ ಡೇಟಾವನ್ನು ಹೊಸದರ ಮೇಲೆ ಮತ್ತೆ ಬರೆಯುವಾಗ) ಏದುಸಿರು ಬಿಡುತ್ತದೆ. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ 4 ಟಿಬಿಗೆ ಸುಮಾರು ಏಳೂವರೆ ಗಂಟೆ ಬೇಕು. ಅಷ್ಟು ಹೊತ್ತೂ ಹಳೇ ಮೂರು ಡಿಸ್ಕುಗಳನ್ನು ಮೊದಲಿಂದ ಕೊನೇವರೆಗೆ ಓದಲೇಬೇಕು. ಎಲ್ಲೋ ಅಡಗಿದ್ದ ಕೆಟ್ಟ ಸೆಕ್ಟರ್ (ಡಿಸ್ಕಿನ ಒಂದು ಚಿಕ್ಕ ತುಣುಕು) ಹೊರಬೀಳುವುದು ಆಗಲೇ. ಎಡಿಟಿಂಗ್ ನಿಲ್ಲಿಸಿ, ರಾತ್ರಿ ಬಿಡಿ. ಯುಪಿಎಸ್ ಇಲ್ಲದೆ ಶುರು ಮಾಡಲೇಬೇಡಿ. ಕರೆಂಟು ಯಾವಾಗ ಹೋಗುತ್ತೆ ಅಂತ ಯಾರಿಗೆ ಗೊತ್ತು!

ಪ್ರಶ್ನೆ: ಮನೆಯಲ್ಲಿ 4, 4, 2, 1 ಟಿಬಿಯ ಹಳೇ ಡಿಸ್ಕುಗಳಿವೆ. ಸೇರಿಸಬಹುದಾ?

ಉತ್ತರ: ಮಾಮೂಲಿ ರೇಡ್ 5 ಎಲ್ಲವನ್ನೂ ಚಿಕ್ಕದರ ಲೆಕ್ಕಕ್ಕೆ ಇಳಿಸುತ್ತದೆ, ಸಿಗುವುದು 3 ಟಿಬಿ. ಸಿನಾಲಜಿ ಕಂಪನಿಯ ಬಾಕ್ಸುಗಳಲ್ಲಿರುವ, ಬೇರೆ ಬೇರೆ ಗಾತ್ರದ ಡಿಸ್ಕ್ ಸೇರಿಸುವ ಎಸ್‌ಎಚ್‌ಆರ್‌ನಲ್ಲಿ 7. ಲಿನಕ್ಸಿನ ಫೈಲ್ ಸಿಸ್ಟಂ ಆದ ಬಿಟಿಆರ್‌ಎಫ್‌ಎಸ್ ರೇಡ್ 1ರಲ್ಲಿ (ಪ್ರತಿಯೊಂದೂ ಎರಡು ಡಿಸ್ಕಿನಲ್ಲಿ ಇರುತ್ತದೆ) 5.5. ನಾನಾದರೆ 1 ಟಿಬಿಯದನ್ನು ಹೊರಗಿಟ್ಟು, ಎಸ್‌ಎಚ್‌ಆರ್‌ನಲ್ಲಿ 6ಕ್ಕೇ ತೃಪ್ತಿಪಡುತ್ತೇನೆ. ಒಂದು ಟಿಬಿ ಆಸೆಗೆ ಇನ್ನೊಂದು ಮುದಿ ಡಿಸ್ಕ್ ಯಾಕೆ? ಉಳಿದವುಗಳಲ್ಲೂ ಡಿಸ್ಕು ತನ್ನ ಆರೋಗ್ಯದ ಬಗ್ಗೆ ಕೊಡುವ ‘ಸ್ಮಾರ್ಟ್’ ವರದಿ ತೆಗೆದು ‘ಪೆಂಡಿಂಗ್ ಸೆಕ್ಟರ್’ ಸಾಲು ನೋಡಿ. ಓದಲು ತೊಡಕಾದ ಸೆಕ್ಟರುಗಳ ಎಣಿಕೆ ಅದು. ಅಲ್ಲಿ ಸೊನ್ನೆ ಇರಬೇಕು.

ಪ್ರಶ್ನೆ: ರೇಡ್ 1 ಇದ್ದ ಮೇಲೂ ಬ್ಯಾಕಪ್ ಬೇಕಾ?

ಉತ್ತರ: ಬೇಕು. ನೀವು ತಪ್ಪಿ ಡಿಲೀಟ್ ಮಾಡಿದ್ದು ಎರಡೂ ಡಿಸ್ಕಿನಿಂದ ಒಟ್ಟಿಗೇ ಹೋಗುತ್ತದೆ. ವೈರಸ್ ಬಂದರೂ ಅಷ್ಟೇ.

ಪ್ರಶ್ನೆ: ಕೆಟ್ಟ ಡಿಸ್ಕನ್ನು ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತಂತೆ?

ಉತ್ತರ: ಹೊರತೆಗೆದಾಗ ತೇವ ಕೂತು ಇನ್ನಷ್ಟು ಹಾಳಾಗುತ್ತದೆ. ಇದನ್ನು ಹೇಳಿಕೊಟ್ಟ ವೀಡಿಯೊದವರನ್ನೇ ಕೇಳಿ.

ಪ್ರಶ್ನೆ: ವೇಗಕ್ಕೆ ರೇಡ್ 0 ಒಳ್ಳೆಯದಾ?

ಉತ್ತರ: ಎಡಿಟಿಂಗಿನ ತಾತ್ಕಾಲಿಕ ಫೈಲಿಗಾದರೆ ಸರಿ. ಆದರೆ ಅದರಲ್ಲಿ ಒಂದು ಡಿಸ್ಕ್ ಹೋದರೂ ಎಲ್ಲವೂ ಹೋಗುತ್ತದೆ. ಮಗುವಿನ ನಾಮಕರಣದ ಫೋಟೊ ಅದರಲ್ಲಿಡಬೇಡಿ.