ಒಂದು ಗುಂಡಿ, ನಾಲ್ಕು ನಿಮಿಷ

ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರ ಮನೆಯಿಂದ ನನಗೆ ಮತ್ತೆ ಮತ್ತೆ ಬರುವ ದೂರು ಒಂದೇ: ಫಿಸಿಯೋಥೆರಪಿಸ್ಟ್ ಎದುರಿಗಿದ್ದಾಗ ಎಲ್ಲವನ್ನೂ ಮಾಡುತ್ತಾರೆ, ಅವರು ಅತ್ತ ಹೋದೊಡನೆ ಕೈಕಟ್ಟಿ ಕೂರುತ್ತಾರೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿರುವ ಈ ದಂಪತಿಯ ದೂರೂ ಅದೇ ಆಗಿತ್ತು. ಗಂಡನಿಗೆ ಅರವತ್ತರ ಆಸುಪಾಸು. ಬಲಗೈ, ಬಲಗಾಲುಗಳಲ್ಲಿ ಸ್ವಾಧೀನ ಕಡಿಮೆಯಾಗಿತ್ತು, ಮಾತು ಉಳಿದಿತ್ತು. ಒಂಬತ್ತನೆಯ ದಿನಕ್ಕೇ ಆಸ್ಪತ್ರೆಯಿಂದ ಕಳುಹಿಸಿದ್ದರು. ವಾರಕ್ಕೆ ಎರಡು ಸಲ ಫಿಸಿಯೋಥೆರಪಿಸ್ಟ್ ಮನೆಗೆ ಬರುತ್ತಿದ್ದರು.

ನನ್ನೊಂದಿಗಿನ ಮೂರನೆಯ ಭೇಟಿಯಲ್ಲಿ, ತೊಟ್ಟಿದ್ದ ಸ್ವೆಟರಿನ ಒಂದೇ ಒಂದು ಗುಂಡಿಯನ್ನು ಬಲಗೈಯನ್ನೂ ಬಳಸಿ ಹಾಕಿಕೊಳ್ಳುವಂತೆ ಅವರನ್ನು ಕೇಳಿದೆ. ಹೆಬ್ಬೆರಳು ಗುಂಡಿಯನ್ನು ಕಾಜದ ಅಂಚಿನವರೆಗೆ ತಳ್ಳುತ್ತಿತ್ತು, ಅಲ್ಲಿಂದ ಜಾರುತ್ತಿತ್ತು. ಹೆಂಡತಿಯ ಕೈ ಎರಡು ಬಾರಿ ತಾನಾಗಿಯೇ ಮುಂದೆ ಬಂತು. ಎರಡು ಬಾರಿಯೂ ತಡೆದೆ. ನಾಲ್ಕು ನಿಮಿಷದ ಮೇಲೆ ಗುಂಡಿ ಒಳಗೆ ಸೇರಿತು. ಎಲ್ಲವನ್ನೂ ನಾವೇ ಮಾಡಿಕೊಟ್ಟರೆ ಮಿದುಳು ಆ ಕೈಯನ್ನು ಬಳಸದಿರುವುದನ್ನೇ ಕಲಿತುಬಿಡುತ್ತದೆ ಎಂಬ ನನ್ನ ಮಾಮೂಲಿ ಉಪದೇಶವನ್ನು ಆರಂಭಿಸುವಷ್ಟರಲ್ಲಿ ಆಕೆ ಹೇಳಿದರು: "ಆಸ್ಪತ್ರೆಯಲ್ಲಿ ಇವರ ಸುತ್ತ ಆರು ಜನ ಇದ್ದರು ಮೇಡಂ, ಮನೆಯಲ್ಲಿ ನಾನೊಬ್ಬಳೇ. ಪ್ರತಿ ಗುಂಡಿಗೂ ಕಾಯುತ್ತ ನಿಂತರೆ ಒಲೆಯ ಮೇಲಿರುವುದನ್ನು ಯಾರು ನೋಡಬೇಕು?"

ಗಂಡ ತಲೆ ಎತ್ತಲಿಲ್ಲ. "ಅವಳಿಗೆ ಹೊತ್ತಾಗುತ್ತದೆ ಅಂತಲೇ ನಾನು ಮಾಡುವುದಿಲ್ಲ. ಫಿಸಿಯೋದವರ ಮುಕ್ಕಾಲು ಗಂಟೆ ನನಗೆಂದೇ ಇರುತ್ತದೆ," ಎಂದರು.

ಅತಿಯಾದ ಕಾಳಜಿಯೆಂದು ನಾನು ಹೆಸರಿಟ್ಟಿದ್ದದ್ದು ಬರೀ ಧಾವಂತವಾಗಿತ್ತು. ಸೋಮಾರಿತನವೆಂದು ಮನೆಯವರು ತಿಳಿದದ್ದು ಸಂಕೋಚವಾಗಿತ್ತು.

ದಿನಕ್ಕೆ ಒಂದೇ ಕೆಲಸವನ್ನು ಆರಿಸಿಕೊಂಡು, ಒಲೆ ಆರಿದ ಮೇಲೆ, ಅದು ಮುಗಿಯುವವರೆಗೆ ಜೊತೆಗೆ ಕೂರಿ. ಉಳಿದದ್ದನ್ನು ಅಳುಕಿಲ್ಲದೆ ನೀವೇ ಮಾಡಿಕೊಡಿ ಎಂದು ಆಕೆಗೆ ಸಲಹೆ ಕೊಟ್ಟೆ. ಎಬ್ಬಿಸುವಾಗ ಮಾತ್ರ ಎಷ್ಟೇ ಅವಸರವಿದ್ದರೂ ಬಲಗೈ ಹಿಡಿದು ಎಳೆಯಬಾರದು, ಸ್ನಾಯು ಸಡಿಲವಾದ ಭುಜದ ಕೀಲು ಜಾರಬಹುದು ಎಂದೂ ಎಚ್ಚರಿಸಿದೆ. ಚೇತರಿಕೆಗೆ ನೂರಾರು ಪುನರಾವರ್ತನೆ ಬೇಕು, ಒಂದು ಕೆಲಸ ಯಾವ ಮೂಲೆಗೂ ಸಾಲದು ಎಂದು ಫಿಸಿಯೋಥೆರಪಿಸ್ಟ್ ಆಕ್ಷೇಪಿಸಿದರು. ಅವರ ಮಾತು ಸರಿ. ಆದರೆ ಆ ಮನೆಯಲ್ಲಿ ಅಲ್ಲಿಯವರೆಗೆ ನಡೆಯುತ್ತಿದ್ದದ್ದು ಸೊನ್ನೆ.

ಬೇಗ ಮನೆಗೆ ಕಳುಹಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ತೀವ್ರತೆ ಕಡಿಮೆಯಿರುವವರಿಗೆ ಅದರಿಂದ ಒಳಿತಾಗಿರುವುದು ಅಧ್ಯಯನಗಳಲ್ಲಿ ಕಂಡಿದೆ, ಆದರೆ ಫಿಸಿಯೋಥೆರಪಿಸ್ಟ್, ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್, ನರ್ಸ್ ಎಲ್ಲರೂ ಒಂದು ತಂಡವಾಗಿ ಮನೆಗೆ ಬಂದಾಗ. ಮನೆಯವರಿಗೇ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿದ ಭಾರತದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು; ಆರು ತಿಂಗಳ ನಂತರ ಸಾವು ಅಥವಾ ಪರಾವಲಂಬನೆ ಅದರಿಂದ ತಗ್ಗಿರಲಿಲ್ಲ. ಆದ್ದರಿಂದಲೇ, ಹೆಚ್ಚಿನ ಭೇಟಿಗಳನ್ನು ಆಸ್ಪತ್ರೆಯವರಿಂದ ಕೇಳಿ ಪಡೆಯಿರಿ, ಹಾಗೆ ಕೇಳುವುದು ನಿಮ್ಮ ಸೋಲಲ್ಲ ಎಂದು ಆಕೆಗೆ ಒತ್ತಿ ಹೇಳಿದೆ.

ಆರು ವಾರಗಳ ನಂತರ ಬಂದಾಗ ಸ್ವೆಟರಿನ ಐದು ಗುಂಡಿಗಳಲ್ಲಿ ನಾಲ್ಕನ್ನು ಅವರೇ ಹಾಕಿಕೊಂಡಿದ್ದರು. ಕುತ್ತಿಗೆಯ ಬಳಿಯದನ್ನು ಹಾಕುವಂತೆ ಹೆಂಡತಿಯನ್ನು ಕೇಳಿದರಂತೆ, ಆಕೆ ಹಾಕಿದ್ದರು.